ಪದ ಪರಿಚಯ: ಕುಲಕ್

ರಷ್ಯನ್ ಭಾಷೆಯ ನಾಮಪದ. ಮೂಲ ಅರ್ಥ 'ಮುಷ್ಟಿ'. ನಮ್ಮ 'ಕುಲ'ಕ್ಕೂ ಇದಕ್ಕೂ ಯಾವ ನಂಟೂ ಇಲ್ಲ. ಬಡ್ಡಿಗೆ ಸಾಲ ಕೊಟ್ಟು, ಕಾಳುಕಡಿ ವ್ಯಾಪಾರ ಮಾಡಿ ಊರನ್ನು ಹಿಡಿತದಲ್ಲಿಟ್ಟುಕೊಂಡ ಜಿಪುಣನನ್ನು ಹತ್ತೊಂಬತ್ತನೇ ಶತಮಾನದ ರಷ್ಯಾದ ಹಳ್ಳಿಗರು ಹೀಗೆ ಕರೆಯುತ್ತಿದ್ದರು. ಆಗ ಅದು ಬರೀ ಬೈಗುಳ.

1917ರ ಕ್ರಾಂತಿಯ ನಂತರ ಬೈಗುಳವೇ ಒಂದು ವರ್ಗದ ಹೆಸರಾಯಿತು. ಜಮೀನುದಾರರ ಭೂಮಿ ರೈತರ ಕೈಸೇರಿದ್ದು ಆ ಕ್ರಾಂತಿಯ ದೊಡ್ಡ ಸಾಧನೆ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ರೈತರಲ್ಲಿ ಕುಲಕ್ ಯಾರು? 1929ರ ಸರ್ಕಾರಿ ಲಕ್ಷಣಗಳ ಪ್ರಕಾರ ಕಾಯಂ ಕೂಲಿಯಾಳು ಇಟ್ಟುಕೊಂಡವನು, ಹಿಟ್ಟಿನ ಗಿರಣಿ ಉಳ್ಳವನು, ಯಂತ್ರ ಬಾಡಿಗೆಗೆ ಕೊಡುವವನು ಎಲ್ಲರೂ ಕುಲಕ್‌ಗಳೇ. ಆ ವರ್ಷದ ಕೊನೆಗೆ ಸ್ಟಾಲಿನ್ ಈ ವರ್ಗವನ್ನೇ ಅಳಿಸುವ ನೀತಿ ಸಾರಿದ. 1930–31ರಲ್ಲಿ ಸುಮಾರು 18 ಲಕ್ಷ ಜನ ಸೈಬೀರಿಯಾ, ಉರಲ್, ಕಜಾಕಸ್ತಾನದಂಥ ಕಡೆಗಳಿಗೆ ಗಡೀಪಾರಾದರು. ಆಗ ಸರ್ಕಾರ ಹೇರುತ್ತಿದ್ದ ಸಾಮೂಹಿಕ ಬೇಸಾಯಕ್ಕೆ ಒಪ್ಪದ ಬಡವನಿಗೂ 'ಪೊದ್‌ಕುಲಾಚ್ನಿಕ್', ಅಂದರೆ ಕುಲಕ್‌ನ ಬಾಲಬಡುಕ, ಎಂಬ ಪಟ್ಟ ಕಾದಿತ್ತು.

ಭಾರತದಲ್ಲಿ ರೈತ ನಾಯಕ ಚರಣ್ ಸಿಂಗ್ ಅವರ ರಾಜಕಾರಣವನ್ನು ಟೀಕಾಕಾರರು ಈ ಪದದಿಂದಲೇ ಹಳಿದರು. ಕನ್ನಡದ ಬರಹಗಳಲ್ಲಿ 'ಶ್ರೀಮಂತ ರೈತ' ಎಂಬ ಮಾತೇ ಹೆಚ್ಚು ರೂಢಿ.

ಉಳ್ಳವರ ಹಿಡಿತ ಸಡಿಲಿಸಬೇಕೆಂಬ ಕಮ್ಯುನಿಸಂನ ಆಶಯ ನ್ಯಾಯವಾದದ್ದೇ. ಉಳ್ಳವರು ಯಾರೆಂದು ತೀರ್ಮಾನಿಸುವ ಅಧಿಕಾರ ಒಂದೇ ಪಕ್ಷದ ಕೈಗೆ ಹೋದದ್ದು, ಕೇಳುವವರಿಲ್ಲದೆ ಹೋದದ್ದು ಅದರ ದೊಡ್ಡ ದೋಷ.