ಪದ ಪರಿಚಯ: ಸೆಷನ್

ಲ್ಯಾಟಿನ್‌ನಲ್ಲಿ 'ಸೆಡೆರೆ' ಎಂದರೆ ಕುಳಿತುಕೊಳ್ಳುವುದು. ಅದರಿಂದ 'ಸೆಸ್ಸಿಯೊ' ಬಂತು. ಫ್ರೆಂಚ್ ದಾಟಿ ಇಂಗ್ಲಿಷಿಗೆ 'ಸೆಷನ್' ಆಗಿ ಸೇರಿತು. ಸಂಸ್ಕೃತದ 'ಸದ್' ಧಾತು ಇದರ ದಾಯಾದಿ. ನಾವು ಬಳಸುವ ಸದನ, ಸಂಸತ್ತು, ಪರಿಷತ್ತುಗಳೆಲ್ಲ ಆ ಧಾತುವಿನ ಮಕ್ಕಳು. ಸೆಷನ್ಸ್ ಕೋರ್ಟಿನಲ್ಲೂ ಇರುವುದು ಇದೇ ಪದ: ನ್ಯಾಯಾಧೀಶರು ಕುಳಿತು ವಿಚಾರಣೆ ನಡೆಸುವ ಕಲಾಪ.

ಜಾಲತಾಣಗಳಲ್ಲಿ ಸೆಷನ್ ಎಂದರೆ ಹೆಚ್ಚಾಗಿ ಲಾಗಿನ್‌ನಿಂದ ಲಾಗೌಟ್‌ವರೆಗಿನ ಅವಧಿ. ಬ್ರೌಸರ್ ಮತ್ತು ಸರ್ವರ್ ಮಾತಾಡಿಕೊಳ್ಳುವ ಎಚ್‌ಟಿಟಿಪಿ ನಿಯಮಾವಳಿಗೆ ನೆನಪಿನ ಶಕ್ತಿಯಿಲ್ಲ. ಪ್ರತಿ ಕೋರಿಕೆಯೂ ಅದಕ್ಕೆ ಹೊಸತು. 1994ರಲ್ಲಿ ನೆಟ್‌ಸ್ಕೇಪ್‌ನ ಲೂ ಮಾಂಟುಲಿ ರೂಪಿಸಿದ ಕುಕಿ, ಅಂದರೆ ಬ್ರೌಸರ್‌ನಲ್ಲಿ ಉಳಿಯುವ ಪುಟ್ಟ ಟಿಪ್ಪಣಿ, ಈ ಕೊರತೆ ತುಂಬಿತು. ಸಾಮಾನ್ಯವಾಗಿ ಬ್ರೌಸರ್‌ನ ಕುಕಿಯಲ್ಲಿ ಗುರುತಿನ ಸಂಖ್ಯೆ ಮಾತ್ರ ಇರುತ್ತದೆ. ಬಳಕೆದಾರರ ವಿವರ ಸರ್ವರ್‌ನಲ್ಲಿರುತ್ತದೆ.

ಒಂದೇ ಸಂಸ್ಥೆಯ ಒಂದು ತಾಣ ಪಿಎಚ್‌ಪಿ ಭಾಷೆಯಲ್ಲಿ, ಇನ್ನೊಂದು ಜಾವಾ ಭಾಷೆಯಲ್ಲಿ ಇದ್ದು, ಒಂದೇ ಲಾಗಿನ್‌ನಲ್ಲಿ ಎರಡನ್ನೂ ಬಳಸಬೇಕೆಂದರೆ ತೊಡಕು ಶುರು. ಎರಡೂ ಸೆಷನ್ ಬರೆದಿಡುವ ರೀತಿ ಬೇರೆ. ಒಂದರ ಬರಹ ಇನ್ನೊಂದಕ್ಕೆ ಅರ್ಥವಾಗದು. ಹಾಗಾಗಿ ಎರಡೂ ಓದಬಲ್ಲ ಜೇಸನ್ (JSON) ರೂಪದಲ್ಲಿ ವಿವರವನ್ನು ರೆಡಿಸ್‌ನಂಥ ಹಂಚಿಕೆಯ ದತ್ತಾಂಶ ಭಂಡಾರದಲ್ಲಿಡುವುದು ಒಂದು ದಾರಿ. ಎರಡೂ ತಾಣಗಳು ಒಂದೇ ಮೂಲ ಡೊಮೇನ್‌ನಡಿ ಇದ್ದರೆ ಕುಕಿಯನ್ನೂ ಹಂಚಿಕೊಳ್ಳಬಹುದು. ಡೊಮೇನ್ ಬೇರೆಯಾದರೆ 2014ರ ಓಪನ್‌ಐಡಿ ಕನೆಕ್ಟ್‌ನಂಥ ಮಾನದಂಡ ಬೇಕು: ಲಾಗಿನ್ ಒಂದೇ ಕಡೆ, ಡಿಜಿಟಲ್ ಸಹಿಯಿರುವ ಗುರುತಿನ ಟೋಕನ್ ಎಲ್ಲ ಕಡೆಗೆ.

ಹಂಚಿಕೊಂಡ ಸೆಷನ್ ಕದ್ದವನಿಗೆ ಎಲ್ಲ ತಾಣಗಳ ಬಾಗಿಲೂ ತೆರೆಯುತ್ತದೆ. ಆದ್ದರಿಂದ ತಾಣ ಕಟ್ಟುವವರು ಲಾಗಿನ್‌ನಂತೆಯೇ ಲಾಗೌಟನ್ನೂ ಎಲ್ಲೆಡೆ ಒಟ್ಟಿಗೆ ಜಾರಿಮಾಡಬೇಕು. ಬಳಸುವವರು ಕೆಲಸ ಮುಗಿದೊಡನೆ ಲಾಗೌಟ್ ಆಗಬೇಕು.