ನುಡಿಯಿಂದ ಪೆಟ್ಟಿನವರೆಗೆ

ಕೊಡಚಾದ್ರಿಯ ಬುಡದಲ್ಲಿ, ಸೌಪರ್ಣಿಕಾ ನದಿಯ ತಡಿಯಲ್ಲಿ ನೆಲಸಿರುವ ಕೊಲ್ಲೂರಿನ ಸ್ಥಳಪುರಾಣವು ಶ್ರೋತೃಗಳಲ್ಲಿ ಅನೇಕರಿಗೆ ತಿಳಿದುದೇ ಆಗಿದೆ. ಲೋಕಪೀಡಕನಾದ ದೈತ್ಯನೊಬ್ಬನು ಘೋರ ತಪಸ್ಸನ್ನಾಚರಿಸಿ ವರವನ್ನು ಬೇಡುವ ಹೊತ್ತಿಗೆ ಅವನ ನಾಲಗೆ ಕಟ್ಟಿಹೋಯಿತು. ಮೂಕನಾದ ಆ ಅಸುರನನ್ನು ಸಂಹರಿಸಿದ ದೇವಿಯು ಮೂಕಾಂಬಿಕೆಯೆನಿಸಿದಳು. ಕೇಡು ಕೈಗೆ ಇಳಿಯುವ ಮೊದಲು ನಾಲಗೆಯಲ್ಲಿ ಹುಟ್ಟುತ್ತದೆ. ತಡೆಯುವುದಾದರೆ ಅಲ್ಲಿಯೇ ತಡೆಯಬೇಕು ಎಂಬ ಅರ್ಥವನ್ನು ಈ ಕಥೆಯಲ್ಲಿ ಕಾಣಬಹುದಾಗಿದೆ. ಈ ಅರ್ಥಕ್ಕೆ ಇತಿಹಾಸದ ನಿದರ್ಶನವನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. ಇದೇ ಕರಾವಳಿಯ ಕೊರಗರ ಚರಿತ್ರೆಯನ್ನು ನೋಡಿದರೆ ಸಾಕು.

ಕೊರಗರು ಇಂದಿನ ಉಡುಪಿ, ದಕ್ಷಿಣ ಕನ್ನಡ ಮತ್ತು ಕಾಸರಗೋಡು ಜಿಲ್ಲೆಗಳ ಆದಿವಾಸಿಗಳು, ಸ್ವಂತ ಭಾಷೆಯುಳ್ಳವರು, ಬುಟ್ಟಿ ಹೆಣೆಯುವುದರಲ್ಲಿಯೂ ಡೋಲು ಬಾರಿಸುವುದರಲ್ಲಿಯೂ ನಿಪುಣರು. ಹುಬಾಶಿಕನೆಂಬ ಅರಸನು ಇವರ ಪೂರ್ವಜರ ಪಡೆಯೊಡನೆ ಈ ನಾಡನ್ನು ಗೆದ್ದನೆಂದೂ, ಅವನ ಆಳಿಕೆ ಅಳಿದ ಬಳಿಕ ಇವರನ್ನು ಕಾಡಿಗೆ ಅಟ್ಟಲಾಯಿತೆಂದೂ ಒಂದು ಐತಿಹ್ಯವುಂಟು. ಅದರ ಸತ್ಯಾಸತ್ಯವು ಹಾಗಿರಲಿ. ಸೋತವರು ಹೀನರಾಗಿಯೇ ಇರತಕ್ಕವರೆಂಬ ಭಾವನೆಗೆ ಇಂತಹ ಕಥೆ ಆಸರೆಯಾಗುತ್ತದೆ. ಮನೆಯ ಜಗಲಿಯಲ್ಲಿ ಹಿರಿಯರು ಹೇಳಿದ ಮಾತು ಮಕ್ಕಳ ಕಿವಿಯಲ್ಲಿ ಲೋಕನಿಯಮವಾಗಿ ನಿಲ್ಲುತ್ತದೆ. ಇದು ಮೊದಲನೆಯ ಮೆಟ್ಟಲು.

ಎರಡನೆಯದು ದೂರವಿಡುವುದು. ಕೊರಗರಲ್ಲಿ ಒಂದು ಪಂಗಡಕ್ಕೆ ‘ಅಂಡೆ ಕೊರಗ’ರೆಂಬ ಹೆಸರು ಬಂದ ಬಗೆಯನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ವಾಲ್‌ಹೌಸ್ ಎಂಬ ಅಧಿಕಾರಿಯೂ, 1909ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಥರ್ಸ್ಟನ್ನರೂ ಬರೆದಿಟ್ಟಿದ್ದಾರೆ. ಇವರ ಉಗುಳು ಬಿದ್ದರೆ ಹಾದಿಯೇ ಮೈಲಿಗೆಯಾಗುವುದೆಂದು, ಕೊರಳಿಗೆ ಒಂದು ಅಂಡೆಯನ್ನು ಕಟ್ಟಿಕೊಂಡು ತಿರುಗಬೇಕಾಗಿತ್ತಂತೆ! ಮೊದಲು ಆಡಿದ ಮಾತು ಈಗ ಕೊರಳಿಗೆ ಬಿದ್ದ ಭಾರವಾಯಿತು.

ಮೂರನೆಯ ಮೆಟ್ಟಲಿನ ಹೆಸರು ಅಜಲು. ಕೂದಲು, ಉಗುರು ಮೊದಲಾದ ಹೇಯ ವಸ್ತುಗಳನ್ನು ಅನ್ನದಲ್ಲಿ ಬೆರೆಸಿ ಕೊರಗರಿಗೆ ಉಣಬಡಿಸಿದರೆ ಮನೆಯವರ ದೋಷವು ಅವರಿಗೆ ದಾಟಿಹೋಗುವುದೆಂದು ನಂಬಲಾಗುತ್ತಿತ್ತು. ಕಂಬಳದ ಗದ್ದೆಯಲ್ಲಿ ಕೋಣಗಳು ಓಡುವುದಕ್ಕೆ ಮುಂಚೆ ಕೊರಗರನ್ನು ಕೋಣಗಳಂತೆ ಓಡಿಸುತ್ತಿದ್ದರು. ಇದನ್ನು ಮಾಡಿದವರೆಲ್ಲರೂ ಕ್ರೂರಿಗಳೆಂದು ಹೇಳಲಾಗದು. ಅನೇಕರು ದೇವರಿಗೆ ಅಂಜುವ ಗೃಹಸ್ಥರೇ ಆಗಿದ್ದರು. ಸಂಪ್ರದಾಯವನ್ನು ನಡಸುತ್ತಿದ್ದೇವೆಂದೇ ತಿಳಿದಿದ್ದರು. ಭಯಪಡತಕ್ಕ ಸಂಗತಿಯು ಇದೇ.

ಅಮೆರಿಕದ ಮನಶ್ಶಾಸ್ತ್ರಜ್ಞರಾದ ಗಾರ್ಡನ್ ಆಲ್‌ಪೋರ್ಟರು 1954ರಲ್ಲಿ ಪೂರ್ವಗ್ರಹಕ್ಕೆ ಐದು ಹಂತಗಳನ್ನು ಹೇಳಿದರು: ನಿಂದೆ, ದೂರೀಕರಣ, ತಾರತಮ್ಯ, ಹಲ್ಲೆ, ನಿರ್ಮೂಲನ. ಕೆಳಗಿನ ಮೆಟ್ಟಲು ಅಭ್ಯಾಸವಾದವರಿಗೆ ಮೇಲಿನದು ಎತ್ತರವೆಂದು ತೋರುವುದಿಲ್ಲ. ಈ ಏಣಿಯಿಂದ ಇಳಿಯಲು ಹೊರಟವರೂ ಪಾಡುಪಟ್ಟಿದ್ದಾರೆ. 1892ರಲ್ಲಿ ಮಂಗಳೂರಿನಲ್ಲಿ ಅಸ್ಪೃಶ್ಯರೆನಿಸಿದವರ ಮಕ್ಕಳಿಗೆ ಶಾಲೆಯನ್ನು ತೆರೆದ ಕುದ್ಮುಲ್ ರಂಗರಾಯರಿಗೆ ಸ್ವಜಾತಿಯವರ ಬಹಿಷ್ಕಾರವೇ ದೊರೆತ ಬಹುಮಾನ.

ಕೊರಗರು ತಾವೇ ಸಂಘಟಿತರಾಗಿ ಧ್ವನಿಯೆತ್ತಿದರು. 2000ದಲ್ಲಿ ಕರ್ನಾಟಕದ ಶಾಸನವು ಅಜಲನ್ನು ನಿಷೇಧಿಸಿತು. ಆದರೆ ಶಾಸನವು ಕೈಯನ್ನು ಹಿಡಿಯಬಲ್ಲುದೇ ಹೊರತು ಮನಸ್ಸನ್ನು ತೊಳೆಯಲಾರದು. 2021ರ ಡಿಸೆಂಬರ್ 27ರ ರಾತ್ರಿ, ಬ್ರಹ್ಮಾವರ ತಾಲ್ಲೂಕಿನ ಕೋಟತಟ್ಟಿನ ಕೊರಗರ ಕಾಲೊನಿಯಲ್ಲಿ ಮದುವೆಗೆ ಮುಂಚಿನ ಸಂಭ್ರಮ ನಡೆದಿತ್ತು. ಸಂಗೀತದ ಸದ್ದು ಹೆಚ್ಚಾಯಿತೆಂಬ ದೂರಿನ ಮೇಲೆ ಬಂದ ಪೊಲೀಸರು ನೆರೆದವರ ಮೇಲೆ ಲಾಠಿ ಬೀಸಿದರೆಂಬ ಆಪಾದನೆಯು ಬಂದು, ಸಬ್ ಇನ್‌ಸ್ಪೆಕ್ಟರರನ್ನು ಅಮಾನತಿನಲ್ಲಿಡಲಾಯಿತು. ಮದುವೆಯ ಮನೆಯ ಸದ್ದು ನಮ್ಮಲ್ಲಿ ಅಪರೂಪವೇನೂ ಅಲ್ಲ. ಅದೇ ಸದ್ದು ಬೇರೊಂದು ಕೇರಿಯಿಂದ ಬಂದಿದ್ದರೆ ಇಂತಹ ಆಪಾದನೆಗೆ ಎಡೆಯಾಗುತ್ತಿತ್ತೆ ಎಂಬ ಪ್ರಶ್ನೆಯನ್ನು ಪ್ರತಿಯೊಬ್ಬರೂ ತಮ್ಮನ್ನು ತಾವೇ ಕೇಳಿಕೊಳ್ಳಬೇಕು.

ಪುರಾಣದಲ್ಲಿ ಮೂಕನಾದವನು ಪೀಡಕ. ನಮ್ಮ ಚರಿತ್ರೆಯಲ್ಲಿ ಬಹುಕಾಲ ಮೂಕರಾಗಿದ್ದವರು ಪೀಡಿತರು. ಪ್ರತಿವರ್ಷ ವಿಜಯದಶಮಿಯಂದು ಕೊಲ್ಲೂರಿನ ಸನ್ನಿಧಿಯಲ್ಲಿ ಎಳೆಯ ಮಕ್ಕಳ ಕೈಹಿಡಿದು ಅಕ್ಷರಾರಂಭವನ್ನು ಮಾಡಿಸುತ್ತಾರೆ. ಆ ಮಕ್ಕಳು ಮನೆಗೆ ಹಿಂದಿರುಗಿ ಜಗಲಿಯಲ್ಲಿ ಕುಳಿತಾಗ, ನೆರೆಯವರ ವಿಷಯವಾಗಿ ನಮ್ಮ ಬಾಯಿಂದ ಅವರು ಕೇಳುವ ಮಾತು ಯಾವುದು? ಅವರ ನಿಜವಾದ ವಿದ್ಯಾರಂಭವು ಅಲ್ಲಿಂದಲೇ ಮೊದಲಾಗುತ್ತದೆ.