ಬ್ಯಾಂಕು, ದಡ, ದಂಡೆ: ಒಂದು ಇಂಗ್ಲಿಷ್ ಪದದ ಎರಡು ಅರ್ಥಗಳಿಗೆ ಕನ್ನಡದ ಉತ್ತರ

ನವಿ ಮುಂಬಯಿಯ ಸಿಬಿಡಿ ಬೇಲಾಪುರದಲ್ಲಿ ಇಂಗ್ಲಿಷಿನ ‘ಬ್ಯಾಂಕ್’ ಶಬ್ದದ ಎರಡೂ ಅರ್ಥಗಳು ನೆರೆಹೊರೆಯಲ್ಲಿವೆ. ಸೆಕ್ಟರ್ 10ರಲ್ಲಿ ರಿಸರ್ವ್ ಬ್ಯಾಂಕಿನ ಕಚೇರಿ, ಸೆಕ್ಟರ್ 11ರಲ್ಲಿ ಸ್ಟೇಟ್ ಬ್ಯಾಂಕಿನ ಮಾಹಿತಿ ತಂತ್ರಜ್ಞಾನ ಕೇಂದ್ರ. ಇತ್ತ ಪನವೇಲ್ ಖಾಡಿ, ಅದರ ಮಗ್ಗುಲಲ್ಲಿ ಸಿದ್ದಿಗಳು ಕಟ್ಟಿಸಿ ಪೋರ್ಚುಗೀಸರ, ಮರಾಠರ ಕೈಸೇರಿದ ಕೋಟೆಯ ಅವಶೇಷ. ಹಣ ಇಡುವ ಜಾಗಕ್ಕೂ ನೀರಿನ ಅಂಚಿಗೂ ಇಂಗ್ಲಿಷಿನಲ್ಲಿ ಒಂದೇ ಹೆಸರು. ಇಲ್ಲಿನ ಕನ್ನಡಿಗರ ಮಾತಿನಲ್ಲಿ ಆ ಗೊಂದಲ ಹುಟ್ಟುವುದೇ ಇಲ್ಲ. ಕನ್ನಡ ಒಂದು ಅರ್ಥವನ್ನು ಬರಮಾಡಿಕೊಂಡು ಇನ್ನೊಂದನ್ನು ಹೊರಗೆ ಬಿಟ್ಟದ್ದೇಕೆ, ಹೊರಗುಳಿದ ಅರ್ಥಕ್ಕೆ ತನ್ನಲ್ಲಿದ್ದ ಪದಗಳು ಯಾವುವು, ಅವು ಒಂದರ ಬದಲು ಒಂದು ನಡೆಯುತ್ತವೆಯೇ ಎಂಬುದು ಈ ಲೇಖನದ ವಿಚಾರ.

ಇಂಗ್ಲಿಷ್ ನಿಘಂಟುಗಳು ಇವೆರಡನ್ನು ಬೇರೆ ಬೇರೆ ಪದಗಳೆಂದೇ ನಮೂದಿಸುತ್ತವೆ. ದಡದ ಅರ್ಥದ್ದು ಸ್ಕ್ಯಾಂಡಿನೇವಿಯದ ಭಾಷೆಗಳಿಂದ ಬಂದದ್ದು. ಹಣದ ಅರ್ಥದ್ದು ಇಟಲಿಯ ಚಿನಿವಾರರು ನಾಣ್ಯ ಹರಡಿಕೊಂಡು ಕೂರುತ್ತಿದ್ದ ‘ಬಂಕಾ’ ಎಂಬ ಮೇಜಿನಿಂದ ಫ್ರೆಂಚಿನ ಮೂಲಕ ಬಂದದ್ದು. ಇನ್ನೂ ಹಿಂದಕ್ಕೆ ಹೋದರೆ ಎರಡೂ ಒಂದೇ ಜರ್ಮಾನಿಕ್ ಬೇರಿಗೆ ಮುಟ್ಟುತ್ತವೆ. ‘ಬೆಂಚು’ ಕೂಡ ಅದೇ ಬಳ್ಳಿಯದು. ಬೇಲಾಪುರದ ಮರಾಠಿಗರು ಉದ್ಯಾನದ ಬೆಂಚನ್ನು ‘ಬಾಕ್’ ಎನ್ನುತ್ತಾರೆ. ಇದು ಪೋರ್ಚುಗೀಸರ ‘ಬಂಕೊ’ದಿಂದ ಬಂದ ಮಾತು. ಹಾಗಾಗಿ ‘ಸಂಬಂಧವಿಲ್ಲದ ಎರಡು ಅರ್ಥ’ ಎಂಬುದು ಇಂದಿನ ಬಳಕೆಗೆ ಸಲ್ಲುವ ತೀರ್ಮಾನ, ಮೂಲಕ್ಕೆ ಸಲ್ಲುವುದಲ್ಲ.

ಹಣದ ಅರ್ಥ ಕನ್ನಡಕ್ಕೆ ಬಂದಾಗ ಇಲ್ಲಿ ಲೇವಾದೇವಿ, ಸಾಹುಕಾರಿಕೆ, ಹುಂಡಿ, ಜಮೆ, ಠೇವಣಿ ಎಲ್ಲವೂ ಇದ್ದವು. ಇಲ್ಲದಿದ್ದದ್ದು ಸಾರ್ವಜನಿಕರ ಹಣವನ್ನು ಕಾಯಿದೆಯ ಕಟ್ಟಿನಲ್ಲಿ ಇಟ್ಟುಕೊಳ್ಳುವ ಸಂಸ್ಥೆ. ಆ ಹೊಸ ವಸ್ತುವಿನ ಹೆಸರೂ ಒಮ್ಮೆಗೇ ಗಟ್ಟಿಯಾಗಲಿಲ್ಲ. ಅಮ್ಮೆಂಬಳ ಸುಬ್ಬರಾವ್ ಪೈ 1906ರಲ್ಲಿ ಮಂಗಳೂರಿನಲ್ಲಿ ಆರಂಭಿಸಿದ್ದು ‘ಕೆನರಾ ಹಿಂದೂ ಪರ್ಮನೆಂಟ್ ಫಂಡ್’. ಅದು ಕೆನರಾ ಬ್ಯಾಂಕ್ ಆದದ್ದು 1910ರಲ್ಲಿ. ಅದೇ 1906ರಲ್ಲಿ ಹಾಜಿ ಅಬ್ದುಲ್ಲಾ ಅವರ ಮುಂದಾಳುತನದಲ್ಲಿ ಉಡುಪಿಯಲ್ಲಿ ಹುಟ್ಟಿದ್ದು ‘ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್’. 1925ರಲ್ಲಿ ಡಾ. ಟಿ.ಎಂ.ಎ. ಪೈ, ಉಪೇಂದ್ರ ಪೈ, ವಾಮನ ಕುಡ್ವ ಅವರು ಕಟ್ಟಿದ್ದು ‘ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್’. ಫಂಡ್, ಕಾರ್ಪೊರೇಷನ್, ಸಿಂಡಿಕೇಟ್ ಎಂದು ಮೂರು ಸಂಸ್ಥೆಗಳಿಗೆ ಮೂರು ಹೆಸರು. ಜನರ ಬಾಯಲ್ಲಿ ಕೊನೆಗೆ ಉಳಿದದ್ದು ‘ಬ್ಯಾಂಕು’ ಒಂದೇ. ಅದು ‘ಊರು’, ‘ಕಾಡು’ಗಳ ಸಾಲಿಗೆ ಸೇರಿ ಬ್ಯಾಂಕಿಗೆ, ಬ್ಯಾಂಕಿನಲ್ಲಿ ಎಂದು ವಿಭಕ್ತಿ ಪ್ರತ್ಯಯ ಹಚ್ಚಿಕೊಂಡಿತು.

ಮಹಾರಾಷ್ಟ್ರದಲ್ಲಿ ಲೇವಾದೇವಿಯ ಅಂಗಡಿಗಿದ್ದ ಹಳೆಯ ಹೆಸರು ‘ಪೇಢಿ’ ಇನ್ನೂ ಬದುಕಿದೆ: ಸಹಕಾರಿ ಸಾಲಸಂಘ ಅಲ್ಲಿ ‘ಪತಪೇಢಿ’. ಕನ್ನಡದ ‘ಪತ್ತಿನ ಸಹಕಾರ ಸಂಘ’ದಲ್ಲಿರುವ ‘ಪತ್ತು’ ಇದೇ ‘ಪತ’.

ಕನ್ನಡ ನಾಡು ‘ಬ್ಯಾಂಕ್’ ಪದವನ್ನು ಪಡೆದದ್ದಷ್ಟೇ ಅಲ್ಲ, ಇಂಗ್ಲಿಷಿಗೆ ತಿರುಗಿ ಕೊಟ್ಟದ್ದೂ ಉಂಟು. ಮೈಸೂರಿನ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಮೈಸೂರು ಸೀಮೆಯ ಹಳ್ಳಿಯೊಂದನ್ನು ಕುರಿತ 1955ರ ಲೇಖನದಲ್ಲಿ ‘ವೋಟ್ ಬ್ಯಾಂಕ್’ ಎಂದು ಬರೆದರು. ಅದು ಪತ್ರಿಕೆಗಳ ನಿತ್ಯದ ಮಾತಾಯಿತು. ‘ಬ್ಲಡ್ ಬ್ಯಾಂಕ್’ ಮಾತ್ರ ‘ರಕ್ತನಿಧಿ’ಯಾಗಿ ಕನ್ನಡಕ್ಕೆ ಒಗ್ಗಿತು.

ಇನ್ನು ನೀರಿನ ಅಂಚು. ಇಲ್ಲಿ ಇಂಗ್ಲಿಷ್ ಪದಕ್ಕೆ ಹೊಗಲು ಎಡೆಯೇ ಇರಲಿಲ್ಲ. ದಡ, ದಂಡೆ, ತೀರ, ತಟ, ಕಿನಾರೆ, ಏರಿ, ಕರೆ ಎಲ್ಲವೂ ಪರ್ಯಾಯ ಪದಗಳಂತೆ ಕಾಣುತ್ತವೆ. ಒಂದನ್ನು ತೆಗೆದು ಇನ್ನೊಂದನ್ನು ಇಟ್ಟು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ‘ದಡ’ ನೀರಿನೊಳಗಿರುವವನಿಗೆ ಕಾಣುವ ನೆಲ. ಆದ್ದರಿಂದಲೇ ದೋಣಿ ದಡ ಸೇರುತ್ತದೆ, ಮಗಳ ಮದುವೆ ಮುಗಿಸಿದ ತಂದೆ ‘ಅಂತೂ ದಡ ಮುಟ್ಟಿದೆ’ ಎನ್ನುತ್ತಾನೆ. ಅಲ್ಲಿ ‘ದಂಡೆ ಮುಟ್ಟಿದೆ’ ಎಂದರೆ ನಗೆಪಾಟಲು. ‘ದಂಡೆ’ ನದಿಯ ಪಕ್ಕವನ್ನು ಗುರುತಿಸುವ ಮಾತು. ತುಂಗಭದ್ರಾ ಎಡದಂಡೆ ಕಾಲುವೆ, ನಾರಾಯಣಪುರ ಬಲದಂಡೆ ಕಾಲುವೆ ಎಂದು ನೀರಾವರಿ ಇಲಾಖೆ ಅದನ್ನು ಪಾರಿಭಾಷಿಕವಾಗಿಯೇ ಬಳಸುತ್ತದೆ. ‘ಎಡದಡ ಕಾಲುವೆ’ ಎಂದು ಯಾವ ರೈತನೂ ಹೇಳಲಾರ. ‘ತೀರ’ ಕಡಲಿಗೂ ಪುಣ್ಯನದಿಗೂ ಒಪ್ಪುತ್ತದೆ, ಹಳ್ಳಕ್ಕೆ ಒಪ್ಪದು. ‘ತಟ’ ನದೀತಟದಂಥ ಸಮಾಸದಲ್ಲಲ್ಲದೆ ಒಂಟಿಯಾಗಿ ಬರುವುದು ಅಪರೂಪ. ಆದರೆ ದಡದಲ್ಲಿ ನಿಂತವನು ಎಂಬ ‘ತಟಸ್ಥ’ ರಾಜಕೀಯದ ನಿತ್ಯಬಳಕೆಯ ಮಾತು. ಜನ ಕಟ್ಟಿದ ಮಣ್ಣಿನ ಒಡ್ಡು ಕೆರೆಗೆ ‘ಏರಿ’. ಕಡಲಿನದನ್ನು ಬಿಟ್ಟರೆ ಇವುಗಳಲ್ಲಿ ಹೆಚ್ಚಿನವಕ್ಕೆ ಇಂಗ್ಲಿಷಿನಲ್ಲಿ ‘ಬ್ಯಾಂಕ್’ ಎಂದರೆ ಸಾಕು.

‘ಕರೆ’ಯ ಕಥೆ ಬೇರೆ. ನೀರಿನ ಅಂಚು ಎಂಬ ಅರ್ಥ ಒಳನಾಡಿನ ಆಡುಮಾತಿನಲ್ಲಿ ಮಾಸಿದೆ, ತುಳುವಿನಲ್ಲಿ ಜೀವಂತವಾಗಿದೆ. ಕೋಣಗಳು ಓಡುವ ಕಂಬಳದ ಕೆಸರಿನ ಓಟದ ಹಾದಿಯೂ ‘ಕರೆ’ಯೇ, ಎರಡಿದ್ದರೆ ‘ಜೋಡುಕರೆ’. ಇಂದಿನ ಕನ್ನಡಿಗನಿಗೆ ‘ಕರೆ’ ಎಂದರೆ ಕೂಗು, ಹಾಲು ಹಿಂಡು, ಕಲೆ. ಹಳಗನ್ನಡದಲ್ಲಿ ಇಷ್ಟು ತೊಡಕಿರಲಿಲ್ಲ. ಹಿಂಡುವುದೂ ಕಲೆಯೂ ಶಕಟರೇಫದ ‘ಕಱೆ’. ಕೂಗುವುದೂ ದಡವೂ ಸಾಮಾನ್ಯ ರೇಫದ ‘ಕರೆ’. ಱಕಾರ ರಕಾರದಲ್ಲಿ ಕರಗಿದಾಗ ಎರಡು ಗುಂಪುಗಳೂ ಒಂದೇ ರೂಪಕ್ಕೆ ಬಂದವು. ‘ಅಱಿ’ (ತಿಳಿ), ‘ಅರಿ’ (ಕೊಯ್ಯು) ಸೇರಿದ್ದೂ ಹೀಗೆಯೇ. ಸಂಸ್ಕೃತದ ‘ಅರಿ’ (ಶತ್ರು) ಅದರ ಜೊತೆಗೂಡಿತು. ‘ದಂಡೆ’ಯೂ ಅಷ್ಟೆ, ನದಿಗೂ ಮುಡಿಯ ಮಲ್ಲಿಗೆಗೂ ಅದೇ ಮಾತು. ಬೇಲಾಪುರದಲ್ಲೇ ಇನ್ನೊಂದು ನಿದರ್ಶನವಿದೆ: ಕೋಳಿ ಜನಾಂಗದ ಮೀನುಗಾರರ ಊರು ‘ದಿವಾಳೆ’. ಮರಾಠಿಯಲ್ಲಿ ದಿವಾಳಿತನಕ್ಕೂ ಇದೇ ಅಕ್ಷರಗಳು. ರಿಸರ್ವ್ ಬ್ಯಾಂಕಿನ ನೆರೆಯಲ್ಲೇ ಇದ್ದರೂ ಯಾರೂ ಗೊಂದಲಪಡುವುದಿಲ್ಲ. ಸಂದರ್ಭವೇ ಅರ್ಥವನ್ನು ಬಿಡಿಸುತ್ತದೆ.

ಈ ವಿವೇಚನೆ ಕನ್ನಡಕ್ಕೆ ಹೊಸದಲ್ಲ. ಹನ್ನೆರಡನೆಯ ಶತಮಾನದ ನಾಗವರ್ಮ ತನ್ನ ‘ಅಭಿಧಾನ ವಸ್ತುಕೋಶ’ದಲ್ಲಿ ಏಕಾರ್ಥ, ನಾನಾರ್ಥ ಎಂದು ಬೇರೆ ಬೇರೆ ಕಾಂಡಗಳನ್ನೇ ಮಾಡಿದ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಬಂದ ಕಿಟೆಲ್ ನಿಘಂಟು ಒಂದೇ ರೂಪದ ಬೇರೆ ಪದಗಳಿಗೆ ಅಂಕಿ ಕೊಟ್ಟು ಬೇರೆ ನಮೂದು ಮಾಡಿತು. ಆದರೆ ವಿದ್ಯಾರ್ಥಿಗಳ ಕೈಯಲ್ಲಿರುವ ಚಿಕ್ಕ ಇಂಗ್ಲಿಷ್–ಕನ್ನಡ ನಿಘಂಟುಗಳು ‘ದಡ, ದಂಡೆ, ತೀರ’ ಎಂದು ಅಲ್ಪವಿರಾಮ ಹಾಕಿ ಸಾಲಾಗಿ ನಿಲ್ಲಿಸಿಬಿಡುತ್ತವೆ. ಆ ಅಲ್ಪವಿರಾಮ ನೋಡಿದವರು ಮೂರೂ ಸಮಾನವೆಂದು ನಂಬುತ್ತಾರೆ. ‘ಕಾಲುವೆಯ ಎಡತೀರ’ದಂಥ ಅನುವಾದ ಹುಟ್ಟುವುದು ಅಲ್ಲಿ. ನಿಘಂಟುಕಾರರು ಪ್ರತಿ ಪರ್ಯಾಯದ ಪಕ್ಕದಲ್ಲಿ ಬಳಕೆಯ ಒಂದೊಂದು ಉದಾಹರಣೆ ಕೊಡಬೇಕು: ದೋಣಿ ದಡ ಸೇರಿತು, ಎಡದಂಡೆ ಕಾಲುವೆ, ಕಡಲತೀರ, ಕೆರೆ ಏರಿ. ಕನ್ನಡ, ತುಳು, ಕೊಂಕಣಿ, ಮರಾಠಿ ಒಟ್ಟಿಗೆ ಕಿವಿಗೆ ಬೀಳುವ ಮುಂಬಯಿ, ಠಾಣೆ, ನವಿ ಮುಂಬಯಿಗಳಲ್ಲಿ ಇಂಥ ಬಳಕೆಗಳನ್ನು ಕಲೆಹಾಕುವ ಕೆಲಸವನ್ನು ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗದ ಸಂಶೋಧಕರು ಕೈಗೆತ್ತಿಕೊಂಡರೆ ಮುಂದಿನ ನಿಘಂಟುಗಳಿಗೆ ದೊಡ್ಡ ಸಹಾಯವಾದೀತು.